ಮೀನು ಮುಖ್ಯವೋ, ಕೂಲಿ ಮುಖ್ಯವೋ?

ಕಳೆದ ವಾರ ಗಿರಣಿಯ ಗೇಟಿನ ಮುಂದೆ ನಡೆದ ಸಭೆ ಮುಗಿದ ಮೇಲೆ ಕೂಲಿಗಾರ ಬಂಧುವೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಹೊಳೆಯ ನೀರು ಬಣ್ಣಗೆಟ್ಟಿದೆ, ಅದರ ಮೀನನ್ನು ಪರೀಕ್ಷೆ ಮಾಡಿಸಬೇಕು ಎಂದು ನಾವು ಭಾಷಣದಲ್ಲಿ ಹೇಳಿದ್ದು ಅವರಿಗೆ ಸರಿಬಿದ್ದಿರಲಿಲ್ಲ. “ಮೇಷ್ಟ್ರೇ, ನಿಮಗೆ ಮೀನು ಮುಖ್ಯವೋ, ನಮ್ಮ ಕೂಲಿ ಮುಖ್ಯವೋ? ಗಿರಣಿಗೆ ಬೀಗ ಬಿದ್ದರೆ ನನ್ನ ಮಕ್ಕಳಿಗೆ ಅನ್ನ ಹಾಕುವವರು ಯಾರು?” ಎಂದರು. ಪಕ್ಕದಲ್ಲಿದ್ದ ಕಿರಾಣಿ ಅಂಗಡಿಯವರು, “ಅವರು ಹೇಳುವುದೂ ಖರೆ. ಗಿರಣಿಯ ಪಗಾರ ಆದ ದಿನವೇ ನಮ್ಮ ಉದ್ರಿ ವಸೂಲಾಗುವುದು” ಎಂದು ದನಿಗೂಡಿಸಿದರು.

ಈ ಪ್ರಶ್ನೆ ಕೇಳಿದವರ ಮೇಲೆ ನಮಗೆ ಕೋಪವಿಲ್ಲ. ಹೊಟ್ಟೆಗೆ ದುಡಿಯುವವನಿಗೆ ಹೊಟ್ಟೆಯ ಚಿಂತೆಯೇ ಮೊದಲು. ಆದರೆ ಇದೇ ಪ್ರಶ್ನೆಯನ್ನು ಇದೇ ಮಾತುಗಳಲ್ಲಿ ಕೇಳಿ, ತಪ್ಪು ಉತ್ತರ ಹೇಳಿಕೊಂಡು, ಮುಂದೆ ತಲೆತಲಾಂತರ ಪಶ್ಚಾತ್ತಾಪಪಟ್ಟ ಊರೊಂದು ಈ ಭೂಮಿಯ ಮೇಲಿದೆ. ಅಲ್ಲಿಯೂ ಒಂದು ದೊಡ್ಡ ಕಾರಖಾನೆಯಿತ್ತು. ಅಲ್ಲಿಯೂ ಕೂಲಿಗಾರರ ಸಂಘವಿತ್ತು, ವ್ಯಾಪಾರಸ್ಥರ ಮಂಡಲವಿತ್ತು, ಬೆಸ್ತರ ಕೇರಿಯಿತ್ತು. ಆ ಊರಿನ ಕಥೆಯನ್ನೇ ಈ ವಾರ ನಮ್ಮ ಉತ್ತರವಾಗಿ ಬರೆಯುತ್ತಿದ್ದೇವೆ.

ಊರಿನ ಹೆಸರು ಮಿನಮಾಟ. ಜಪಾನಿನ ದಕ್ಷಿಣದ ಕ್ಯೂಷು ದ್ವೀಪದಲ್ಲಿ, ಕುಮಾಮೊಟೊ ಪ್ರಾಂತದ ಕಡಲ ದಂಡೆಯಲ್ಲಿದೆ. ಊರಿಗೆ ಊರೇ ಚಿಸ್ಸೊ ಎಂಬ ರಾಸಾಯನಿಕ ಕಂಪನಿಯ ನೆರಳಿನಲ್ಲಿ ಬೆಳೆದದ್ದು. ಮನೆಗೊಬ್ಬರು ಅಲ್ಲಿ ದುಡಿಯುವವರು. ಅಂಗಡಿಗಳು ನಡೆಯುತ್ತಿದ್ದುದು ಆ ಪಗಾರದಿಂದ. ಪೌರಸಭೆಯ ತೆರಿಗೆಯೂ ಬಹುಪಾಲು ಅಲ್ಲಿಂದಲೇ. ಕಾರಖಾನೆಯ ನೀರಿನಿಂದ ಮೀನು ಕೆಡುತ್ತಿದೆ ಎಂದು ಬೆಸ್ತರು ಬಹಳ ಹಿಂದೆಯೇ ದೂರಿದ್ದರು. 1926ರಲ್ಲಿ ಕಂಪನಿ ಅವರ ಸಂಘಕ್ಕೆ 1,500 ಯೆನ್ ಕೊಟ್ಟು, ಇನ್ನು ಮುಂದೆ ದೂರು ಹೇಳಕೂಡದೆಂದು ಬರೆಸಿಕೊಂಡಿತು. ಬಡವನ ಬಾಯಿಗೆ ಬೀಗ ಹಾಕಲು ಮಾಲೀಕನಿಗೆ ಬೀಗದ ಅಂಗಡಿಯವನಿಗಿಂತ ಕಡಿಮೆ ಖರ್ಚು ತಗಲುತ್ತದೆ.

1932ರಿಂದ ಆ ಕಾರಖಾನೆಯಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕದ ತಯಾರಿಕೆ ಮೊದಲಾಯಿತು. ಆ ಕ್ರಿಯೆಗೆ ಪಾದರಸದ ಸಂಯುಕ್ತವೊಂದು ಬೇಕು. ಕ್ರಿಯೆ ನಡೆಯುವಾಗ ಪಾದರಸದ ಒಂದು ಅಂಶ ಮೀಥೈಲ್ ಪಾದರಸವೆಂಬ ಘೋರ ವಿಷವಾಗಿ ಮಾರ್ಪಟ್ಟು, ಕೊಳೆನೀರಿನ ಜೊತೆಗೆ ಕೊಲ್ಲಿಗೆ ಹರಿಯಿತು. ಯುದ್ಧದ ನಂತರ ಪ್ಲಾಸ್ಟಿಕ್ಕಿನ ಯುಗ ಬಂದು ಉತ್ಪನ್ನ ಏರಿತು. ಉತ್ಪನ್ನದ ಜೊತೆಗೆ ವಿಷವೂ ಏರಿತು. ಮೊದಲು ಮೀನು ತೇಲಿದವು. ಕಾಗೆಗಳು ಹಾರುತ್ತ ಹಾರುತ್ತ ಬಿದ್ದವು. ಬೆಸ್ತರ ಕೇರಿಯ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಕೊನೆಗೆ 1956ರ ಏಪ್ರಿಲಿನಲ್ಲಿ ಪುಟ್ಟ ಅಕ್ಕತಂಗಿಯರಿಬ್ಬರನ್ನು ಕಾರಖಾನೆಯದೇ ಆಸ್ಪತ್ರೆಗೆ ತಂದರು. ನಡೆಯಲಾರರು, ಮಾತನಾಡಲಾರರು, ಕೈಯಲ್ಲಿ ತುತ್ತು ಹಿಡಿಯಲಾರರು. ಆಸ್ಪತ್ರೆಯ ಮುಖ್ಯ ವೈದ್ಯ ಹೊಸೊಕಾವಾ ಹಾಜಿಮೆ ಮೇ 1ರಂದು ಆರೋಗ್ಯ ಇಲಾಖೆಗೆ ವರದಿ ಕಳಿಸಿದರು. ಕೂಲಿಗಾರರ ದಿನದಂದೇ ಈ ರೋಗ ಲೋಕಕ್ಕೆ ತಿಳಿಯಿತೆಂಬುದು ಕಾಕತಾಳೀಯ. ಆದರೂ ಮರೆಯತಕ್ಕ ಮಾತಲ್ಲ.

ಈಗ ವಿಷ ಮೀನಿಗೆ ಸೇರುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಶಾಲೆಯಲ್ಲಿ ಪಾಠ ಹೇಳಿದ ಅಭ್ಯಾಸ, ಓದುಗರು ಕ್ಷಮಿಸಬೇಕು.

ಹೊಳೆಗೆ ಬಿದ್ದ ಪಾದರಸ ಎಲ್ಲವೂ ನೀರಿನೊಂದಿಗೆ ಹರಿದು ಹೋಗುವುದಿಲ್ಲ. ಬಹುಭಾಗ ಕೆಸರಿನಲ್ಲಿ ತಂಗುತ್ತದೆ. ಕೆಸರಿನ ಕಣ್ಣಿಗೆ ಕಾಣದ ಜೀವಾಣುಗಳು ಸಾಮಾನ್ಯ ಪಾದರಸವನ್ನೂ ಮೀಥೈಲ್ ಪಾದರಸವಾಗಿ ಮಾಡುತ್ತವೆ. ಅದನ್ನು ಪಾಚಿ ಹೀರುತ್ತದೆ, ಪಾಚಿಯನ್ನು ಹುಳು ತಿನ್ನುತ್ತದೆ, ಹುಳುವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಒಳಗೆ ಹೋದ ವಿಷ ಬೇಗ ಹೊರಗೆ ಬರುವುದಿಲ್ಲ. ಆದ್ದರಿಂದ ನೂರು ಸಣ್ಣ ಮೀನು ತಿಂದ ಒಂದು ದೊಡ್ಡ ಮೀನಿನಲ್ಲಿ ಆ ನೂರರ ವಿಷವೂ ಕೂಡಿಕೊಳ್ಳುತ್ತದೆ. ಸಾಹುಕಾರನ ಲೇವಾದೇವಿಯಲ್ಲಿ ಬಡ್ಡಿಗೆ ಬಡ್ಡಿ ಸೇರುವಂತೆಯೇ ಇದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ನೀರಿನಲ್ಲಿರುವುದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು ವಿಷ ದೊಡ್ಡ ಮೀನಿನ ಮಾಂಸದಲ್ಲಿ ನೆಲೆಸುತ್ತದೆ. ಕಟ್ಟಕಡೆಯ ಮೆಟ್ಟಿಲಿನ ಮೇಲೆ ನಿಂತವನು ಮನುಷ್ಯ. ಆದ್ದರಿಂದಲೇ, ಹೊಳೆಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷಿಸಿ, “ಪಾದರಸ ಗಣನೀಯವಾಗಿಲ್ಲ” ಎಂದು ಹೇಳುವ ವರದಿ ಅರ್ಧ ವರದಿ. ಮೀನಿನ ಮಾಂಸವನ್ನೇ ಪರೀಕ್ಷಿಸಬೇಕು.

ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಉಪ್ಪು ಹುಳಿ ಹಾಕಿ ತೊಳೆದರೂ ಹೋಗದು; ಕುದಿಸಿದರೂ, ಹುರಿದರೂ, ಒಣಗಿಸಿದರೂ ಹೋಗದು. ಡಿ.ಡಿ.ಟಿ.ಯಂಥ ವಿಷವಾದರೆ ಕೊಬ್ಬಿನಲ್ಲಿ ಸೇರುವುದರಿಂದ ಕೊಬ್ಬು ತೆಗೆದರೆ ಸ್ವಲ್ಪ ಕಡಿಮೆಯಾದೀತು. ಮೀಥೈಲ್ ಪಾದರಸ ಮಾಂಸಕ್ಕೇ ಅಂಟಿಕೊಂಡಿರುತ್ತದೆ. ಮನುಷ್ಯನ ಮೈಯೊಳಗೆ ಹೋದರೆ ಅದು ಮಿದುಳನ್ನೂ ನರಗಳನ್ನೂ ತಿನ್ನುತ್ತದೆ. ಕೈಕಾಲು ಜೋಮು ಹಿಡಿಯುವುದು, ಕಣ್ಣಿನ ನೋಟ ಎರಡೂ ಬದಿಯಿಂದ ಕಿರಿದಾಗುವುದು, ಕಿವಿ ಮಂದವಾಗುವುದು, ನಾಲಿಗೆ ತೊದಲುವುದು, ನಡಿಗೆ ತಪ್ಪುವುದು ಅದರ ಲಕ್ಷಣಗಳು. ಇನ್ನೂ ದಾರುಣವಾದುದೆಂದರೆ, ತಾಯಿಯ ಗರ್ಭದೊಳಗಿನ ಕೂಸಿಗೂ ಇದು ಇಳಿಯುತ್ತದೆ. ಮಿನಮಾಟದಲ್ಲಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಕಾಣುತ್ತಿದ್ದ ತಾಯಂದಿರು ಕತ್ತು ನಿಲ್ಲದ, ಮಾತು ಬಾರದ ಮಕ್ಕಳನ್ನು ಹೆತ್ತರು. ಹರಾದಾ ಮಸಾಜುಮಿ ಎಂಬ ತರುಣ ವೈದ್ಯರೂ ಅವರ ಸಂಗಡಿಗರೂ ಮನೆಮನೆ ಸುತ್ತಿ ಈ ಮಕ್ಕಳನ್ನು ಪರೀಕ್ಷಿಸಿದರು. ಇದು ಮೀನಿನ ವಿಷದಿಂದಲೇ ಬಂದ ರೋಗವೆಂದು 1962ರಲ್ಲಿ ಸರಕಾರ ಒಪ್ಪಬೇಕಾಯಿತು. ಹೆತ್ತ ತಾಯಿಯ ಪಾಲಿನ ವಿಷವನ್ನು ಹುಟ್ಟದ ಕೂಸು ಹೀರಿಕೊಂಡಿತ್ತು.

ಕಂಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1959ರ ಜುಲೈಯಲ್ಲಿ ಕುಮಾಮೊಟೊ ವಿಶ್ವವಿದ್ಯಾನಿಲಯದ ವೈದ್ಯರು ರೋಗಕ್ಕೆ ಕಾರಣ ಪಾದರಸವೆಂದು ಹೇಳಿದರು. ಅದೇ ಹೊತ್ತಿಗೆ ಹೊಸೊಕಾವಾ ಅವರು ಅಸಿಟಾಲ್ಡಿಹೈಡ್ ವಿಭಾಗದ ಕೊಳೆನೀರನ್ನೇ ಆಹಾರಕ್ಕೆ ಬೆರೆಸಿ ಒಂದು ಬೆಕ್ಕಿಗೆ ತಿನ್ನಿಸಿದರು. ಆ ಬೆಕ್ಕಿನ ಸಂಖ್ಯೆ 400. ಅಕ್ಟೋಬರಿನಲ್ಲಿ ಅದಕ್ಕೂ ಅದೇ ರೋಗ ಬಂತು. ಕಂಪನಿ ಈ ಸಂಗತಿಯನ್ನು ಮುಚ್ಚಿಟ್ಟು ಪ್ರಯೋಗವನ್ನೇ ನಿಲ್ಲಿಸಿತು. ಹೊರಗೆ ಮಾತ್ರ ಯುದ್ಧಕಾಲದಲ್ಲಿ ಮುಳುಗಿಸಿದ ಸಿಡಿಮದ್ದು ಕಾರಣ, ಕೊಳೆತ ಮೀನು ಕಾರಣ ಎಂಬ ವಾದಗಳು ಹರಡಿದವು. ಡಿಸೆಂಬರಿನಲ್ಲಿ ಕೊಳೆನೀರು ಶುದ್ಧಮಾಡುವ ಯಂತ್ರವೊಂದನ್ನು ಸಂಭ್ರಮದಿಂದ ಉದ್ಘಾಟಿಸಿದರು. ಪಾದರಸದ ನೀರು ಆ ಯಂತ್ರದ ಮೂಲಕ ಹಾಯುತ್ತಲೇ ಇರಲಿಲ್ಲವೆಂಬುದು ಜನಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಈಗ ನಮ್ಮ ಕೂಲಿಗಾರ ಬಂಧುವೂ ಕಿರಾಣಿ ಅಂಗಡಿಯವರೂ ಕಿವಿಗೊಟ್ಟು ಕೇಳಬೇಕಾದ ಭಾಗ ಬಂತು. 1959ರ ನವೆಂಬರ್ 2ರಂದು ಹೊಟ್ಟೆ ಬೆಂದ ಸಾವಿರಾರು ಬೆಸ್ತರು ಕಾರಖಾನೆಗೆ ನುಗ್ಗಿದರು, ಗಲಾಟೆಯಾಯಿತು, ಅವರ ಮುಖಂಡರ ಮೇಲೆ ಖಟ್ಲೆ ಹೂಡಲಾಯಿತು. ಕೊಳೆನೀರನ್ನು ನಿಲ್ಲಿಸಬೇಕೆಂಬುದೇ ಅವರ ಬೇಡಿಕೆ. ಇದಾದ ಕೆಲವೇ ದಿನಗಳಲ್ಲಿ ಮತ್ತೊಂದು ನಿಯೋಗ ಪ್ರಾಂತದ ಗವರ್ನರರ ಬಳಿಗೆ ಹೋಯಿತು. ಅದರಲ್ಲಿ ಊರಿನ ಮೇಯರರಿದ್ದರು, ಪೌರಸಭೆಯವರಿದ್ದರು, ವ್ಯಾಪಾರಸ್ಥರ ಪ್ರತಿನಿಧಿಗಳಿದ್ದರು, ಕೂಲಿಗಾರರ ಸಂಘದವರೂ ಇದ್ದರು. ಕೊಳೆನೀರು ನಿಲ್ಲಿಸಿದರೆ ಕಾರಖಾನೆ ನಿಲ್ಲುತ್ತದೆ, ಕಾರಖಾನೆ ನಿಂತರೆ ಊರು ಸಾಯುತ್ತದೆ, ಆದ್ದರಿಂದ ನಿಲ್ಲಿಸಬೇಡಿ ಎಂಬುದು ಅವರ ಮನವಿ. ಬಡ ಬೆಸ್ತನ ಎದುರು ಬಡ ಕೂಲಿಗಾರನನ್ನೂ ಸಣ್ಣ ವರ್ತಕನನ್ನೂ ನಿಲ್ಲಿಸಿ, ಮಾಲೀಕ ಹಿಂದೆ ಸುಖವಾಗಿ ಕುಳಿತ. ಒಂದು ಪೈಸೆಯ ಖರ್ಚಿಲ್ಲದೆ ಅವನಿಗೆ ಕಾವಲುಗಾರರು ಸಿಕ್ಕಿದ್ದರು.

ವರ್ಷದ ಕೊನೆಯಲ್ಲಿ ಕಂಪನಿ ರೋಗಿಗಳೊಡನೆ ಒಂದು ಕರಾರು ಮಾಡಿಕೊಂಡಿತು. ಸತ್ತವನ ಕುಟುಂಬಕ್ಕೆ 3 ಲಕ್ಷ ಯೆನ್, ರೋಗಿ ಮಗುವಿಗೆ ವರ್ಷಕ್ಕೆ 30 ಸಾವಿರ ಯೆನ್. ಅದಕ್ಕೆ ಪರಿಹಾರವೆಂಬ ಹೆಸರಿಲ್ಲ; ಸಹಾನುಭೂತಿಯ ಹಣವಂತೆ! ಮುಂದೆ ಕಾರಖಾನೆಯೇ ಕಾರಣವೆಂದು ರುಜುವಾತಾದರೂ ಹೆಚ್ಚಿನ ಹಣ ಕೇಳುವಂತಿಲ್ಲ ಎಂದು ಕರಾರಿನಲ್ಲಿ ಬರೆದಿತ್ತು. ಬೆಕ್ಕಿನ ಸಂಗತಿ ತಿಳಿದೂ ಬರೆಸಿಕೊಂಡ ಕರಾರು ಇದು.

ಮಿನಮಾಟದ ಬಾಯಿ ಮುಚ್ಚಿಸಿದ್ದರ ಬೆಲೆಯನ್ನು ಮತ್ತೊಂದು ಊರು ತೆತ್ತಿತು. ಜಪಾನಿನ ನೀಗಾತಾ ಪ್ರಾಂತದಲ್ಲಿ ಅಗಾನೋ ಎಂಬ ದೊಡ್ಡ ನದಿ ಹರಿಯುತ್ತದೆ. ಅದರ ಮೇಲ್ಭಾಗದ ಕಾನೋಸೆ ಎಂಬಲ್ಲಿ ಶೋವಾ ಡೆಂಕೋ ಕಂಪನಿಯ ಕಾರಖಾನೆ. ಅಲ್ಲಿಯೂ ಅದೇ ಅಸಿಟಾಲ್ಡಿಹೈಡ್, ಅದೇ ಪಾದರಸ. ಕಾರಖಾನೆಯಿಂದ ಸುಮಾರು 60 ಕಿಲೋಮೀಟರು ಕೆಳಗೆ, ನದಿಯ ಮುಖದ ಬಳಿಯ ಹಳ್ಳಿಗಳ ಜನ ಹೊಳೆಯ ಮೀನನ್ನು ದಿನವೂ ಉಣ್ಣುತ್ತಿದ್ದರು. 1965ರ ಜೂನಿನಲ್ಲಿ ಅಲ್ಲಿಯೂ ಅದೇ ರೋಗವಿದೆಯೆಂದು ವೈದ್ಯರು ಸಾರಿದರು. 1964ರ ಭೂಕಂಪದಲ್ಲಿ ಗೋದಾಮಿನ ಕೃಷಿ ಔಷಧಿಗಳು ಹೊಳೆಗೆ ಸೇರಿರಬೇಕು ಎಂದು ಕಂಪನಿ ವಾದಿಸಿತು. ಅರವತ್ತು ಕಿಲೋಮೀಟರು ದೂರವೆಂಬುದು ಅಲ್ಲಿಯ ಜನರನ್ನು ಕಾಪಾಡಲಿಲ್ಲ. ಮೀನು ತಿಂದವರ ಪೈಕಿ ಸುಮಾರು ಏಳು ನೂರು ಜನ ರೋಗಿಗಳೆಂದು ಮುಂದೆ ಸರಕಾರದ ಪಟ್ಟಿಗೆ ಸೇರಿದರು. 1956ರಲ್ಲಿ ಅಥವಾ 1959ರಲ್ಲಿ ಮಿನಮಾಟದ ನಿಜ ಹೊರಬಿದ್ದು ಇಂಥ ಕಾರಖಾನೆಗಳ ಮೇಲೆ ಕಣ್ಣಿಟ್ಟಿದ್ದರೆ ಇವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ!

ಇತ್ತ ಮಿನಮಾಟದ ಕೂಲಿಗಾರರ ಗತಿ ಏನಾಯಿತು? ಮಾಲೀಕನ ಪರವಾಗಿ ನಿಂತುದಕ್ಕೆ ಅವರಿಗೆ ಸಿಕ್ಕ ಬಹುಮಾನವನ್ನೂ ಕೇಳಿ. 1962ರಲ್ಲಿ ಕಂಪನಿ ಹೊಸ ವೇತನದ ಯೋಜನೆಯೊಂದನ್ನು ಮುಂದಿಟ್ಟು, ಮುಷ್ಕರದ ಹಕ್ಕನ್ನು ಬಿಟ್ಟುಕೊಡಿ ಎಂದಿತು. ಕೂಲಿಗಾರರು ಮುಷ್ಕರ ಹೂಡಿದರು. ಮಾಲೀಕರು ಬೀಗಮುದ್ರೆ ಮಾಡಿದರು. ಹೋರಾಟ 1963ರವರೆಗೆ ಎಳೆಯಿತು. ಕಂಪನಿಗೆ ಬೇಕಾದ ಎರಡನೆಯ ಸಂಘವೊಂದು ಹುಟ್ಟಿ ಕೂಲಿಗಾರರು ಇಬ್ಭಾಗವಾದರು. ಹಳೆಯ ಸಂಘದವರು ಬೀದಿಯಲ್ಲಿ ನಿಂತಾಗ ಅವರಿಗೆ ಅರಿವು ಮೂಡಿತು. ಬೆಸ್ತನನ್ನು ಬಲಿಗೊಟ್ಟ ಕೈಯೇ ತಮ್ಮ ಕೊರಳಿಗೂ ಬಂದಿದೆ ಎಂದು ಕಂಡರು. 1968ರ ಆಗಸ್ಟಿನಲ್ಲಿ ಆ ಸಂಘ ಒಂದು ನಿರ್ಣಯ ಮಾಡಿತು. ಮಿನಮಾಟ ರೋಗದ ವಿಷಯದಲ್ಲಿ ತಾವು ಇಷ್ಟು ಕಾಲ ಏನೂ ಹೋರಾಡಲಿಲ್ಲವೆಂಬುದಕ್ಕೆ ಮನುಷ್ಯರಾಗಿಯೂ ಕೂಲಿಗಾರರಾಗಿಯೂ ನಾಚಿಕೊಳ್ಳುತ್ತೇವೆ, ಇನ್ನು ಮುಂದೆ ರೋಗಿಗಳ ಜೊತೆಗೆ ನಿಲ್ಲುತ್ತೇವೆ ಎಂಬುದು ಅದರ ಸಾರ. ಅದಕ್ಕೆ ನಾಚಿಕೆಯ ನಿರ್ಣಯವೆಂದೇ ಹೆಸರಾಯಿತು. ಕೂಲಿಗಾರರ ಚಳವಳಿಯ ಚರಿತ್ರೆಯಲ್ಲಿ ಗೆಲುವಿನ ನಿರ್ಣಯಗಳು ಬಹಳವಿವೆ. ತಪ್ಪನ್ನು ಹೀಗೆ ಬಾಯಿಬಿಟ್ಟು ಒಪ್ಪಿಕೊಂಡ ನಿರ್ಣಯ ಅಪರೂಪ. ಆದ್ದರಿಂದಲೇ ಅದರ ಮುಂದೆ ನಾವು ತಲೆಬಾಗುತ್ತೇವೆ.

ಕಂಪನಿ ಆ ಪಾದರಸದ ಕ್ರಿಯೆಯನ್ನು ನಿಲ್ಲಿಸಿದ್ದು 1968ರ ಮೇನಲ್ಲಿ. ಜನರ ಮೇಲಿನ ಕನಿಕರದಿಂದಲ್ಲ, ಆ ತಂತ್ರ ಹಳೆಯದಾಗಿ ಲಾಭ ತಗ್ಗಿದ್ದರಿಂದ. ಅದು ನಿಂತು ನಾಲ್ಕು ತಿಂಗಳ ಮೇಲೆ, ಸೆಪ್ಟೆಂಬರಿನಲ್ಲಿ, ಕಾರಖಾನೆಯೇ ರೋಗಕ್ಕೆ ಕಾರಣವೆಂದು ಸರಕಾರ ಒಪ್ಪಿತು. 1970ರಲ್ಲಿ ಹೊಸೊಕಾವಾ ಅವರು ಸಾಯುವ ಮುನ್ನ ಆಸ್ಪತ್ರೆಯ ಹಾಸಿಗೆಯಿಂದಲೇ ಬೆಕ್ಕಿನ ವಿಷಯ ಸಾಕ್ಷ್ಯ ಹೇಳಿದರು. 1971ರಲ್ಲಿ ನೀಗಾತಾದ ರೋಗಿಗಳೂ, 1973ರ ಮಾರ್ಚಿನಲ್ಲಿ ಮಿನಮಾಟದ ರೋಗಿಗಳೂ ನ್ಯಾಯಾಲಯದಲ್ಲಿ ಗೆದ್ದರು. ಆ ಹಳೆಯ ಕರಾರು ನೀತಿಬಾಹಿರವೆಂದು ನ್ಯಾಯಾಧೀಶರು ಅದನ್ನು ತಳ್ಳಿಹಾಕಿ, ಒಬ್ಬೊಬ್ಬ ರೋಗಿಗೆ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಯೆನ್‌ವರೆಗೆ ಕೊಡಬೇಕೆಂದರು. ವಿಷ ತಡೆಯದೆ ಸುಮ್ಮನೆ ಕುಳಿತದ್ದಕ್ಕೆ ಸರಕಾರವೂ ಹೊಣೆ ಎಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬರಲು 2004 ಆಗಬೇಕಾಯಿತು. ಕೊಲ್ಲಿಯ ವಿಷದ ಕೆಸರನ್ನು ಎತ್ತಿ ಹೂಳುವ ಕೆಲಸ 1977ರಿಂದ 1990ರವರೆಗೆ ನಡೆದು 4,850 ಕೋಟಿ ಯೆನ್ ನುಂಗಿತು. ಮೀನು ಆಚೆ ಹೋಗದಂತೆ ಕೊಲ್ಲಿಗೆ ಕಟ್ಟಿದ್ದ ಬಲೆಯನ್ನು ಬಿಚ್ಚಿದ್ದು 1997ರಲ್ಲಿ. ಸರಕಾರ ರೋಗಿಗಳೆಂದು ಒಪ್ಪಿದವರು ಮಿನಮಾಟದ ಕಡೆಯಲ್ಲೇ 2,200ಕ್ಕೂ ಹೆಚ್ಚು. ಪಟ್ಟಿಗೆ ಸೇರದೆ ಒದ್ದಾಡಿದವರು ಅದರ ಎಷ್ಟೋ ಪಟ್ಟು.

ಅಂಗಡಿಯವರು ಈಗ ಲೆಕ್ಕ ಹಾಕಲಿ. ಕೊಳೆನೀರು ನಿಲ್ಲಿಸಬೇಡಿ ಎಂದು ಬೇಡಿಕೊಂಡ ಊರಿಗೆ ಲಾಭವಾಯಿತೋ, ನಷ್ಟವಾಯಿತೋ? ಮೀನಿನ ಪೇಟೆ ಹಾಳಾಯಿತು, ಊರಿನ ಹೆಸರು ರೋಗದ ಹೆಸರಾಯಿತು, ಆ ಊರಿನವರೆಂದರೆ ಹೆಣ್ಣು ಕೊಡಲು ಜನ ಹಿಂಜರಿದರು. ಬೆಸ್ತನ ಮನೆಯ ಮೀನನ್ನೇ ಕೂಲಿಗಾರನ ಹೆಂಡತಿಯೂ ಕೊಂಡಳು. ಕಾರಖಾನೆಯ ಗೇಟು ಬೆಸ್ತನನ್ನೂ ಕೂಲಿಗಾರನನ್ನೂ ಬೇರೆ ಮಾಡೀತು. ಮೀನಿನ ಸಾರು ಬೇರೆ ಮಾಡುವುದಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ನಮ್ಮ ಹೊಳೆಯಲ್ಲಿ ಪಾದರಸವಿದೆ ಎಂದು ನಾವು ಹೇಳುತ್ತಿಲ್ಲ. ಪರೀಕ್ಷೆಯಾಗದೆ ಯಾರ ಮೇಲೂ ಆರೋಪ ಹೊರಿಸುವುದು ನಮಗೆ ಸಲ್ಲದು. ಯಾವ ಗಿರಣಿಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ಪರೀಕ್ಷೆಯಾಗಲಿ, ಅದರ ಫಲ ಜನರ ಕೈಗೆ ಬರಲಿ ಎಂಬುದಷ್ಟೇ ನಮ್ಮ ಮಾತು. ನಮ್ಮ ನಾಡಿನ ಜನ ಈ ಮಾತನ್ನು ಹೊಸದಾಗಿ ಆಡುತ್ತಿಲ್ಲ. 1980ರ ದಶಕದಲ್ಲಿ ಹರಿಹರದ ಆಸುಪಾಸಿನ ತುಂಗಭದ್ರೆಯ ದಂಡೆಯ ಹಳ್ಳಿಗರು ಕಾರಖಾನೆಯ ನೀರಿನ ವಿರುದ್ಧ ಎದ್ದು ನಿಂತದ್ದು ಹಿರಿಯರಿಗೆ ನೆನಪಿದೆ. ಮೀನು ಸತ್ತು ತೇಲಿದರೆ ಕುರುಡನಿಗೂ ತಿಳಿಯುತ್ತದೆ. ಆದರೆ ಪಾದರಸ ತಿಂದ ಮೀನು ಸಾಯದೆ ಈಜಾಡಿಕೊಂಡೇ ಪೇಟೆಗೆ ಬರುತ್ತದೆ. ಆದ್ದರಿಂದ ಮೀನು ಸಾಯಲಿಲ್ಲವಲ್ಲ ಎಂಬ ಸಮಾಧಾನ ಸಾಲದು.

ಕಾಯಿದೆಗಳಿಗೆ ಬಡತನವಿಲ್ಲ. ಜಲಮಾಲಿನ್ಯ ತಡೆಯುವ ಕಾಯಿದೆ 1974ರಲ್ಲೇ ಬಂತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಮಂಡಲಿಯೂ ಹುಟ್ಟಿತು. ಭೋಪಾಲದ ದುರಂತದ ನಂತರ 1987ರಲ್ಲಿ ಕಾರಖಾನೆಗಳ ಕಾಯಿದೆಯನ್ನು ತಿದ್ದಿ, ಅಪಾಯದ ವಸ್ತುಗಳ ವಿವರವನ್ನು ಕೂಲಿಗಾರರಿಗೂ ಸುತ್ತಲಿನ ಜನಕ್ಕೂ ಮಾಲೀಕ ತಿಳಿಸಬೇಕೆಂದು ಬರೆದರು. 2005ರಿಂದ ಮಾಹಿತಿಯ ಹಕ್ಕೂ ಇದೆ. ಮಿನಮಾಟದ ಹೆಸರಿನಲ್ಲೇ 2013ರಲ್ಲಿ ಆದ ಪಾದರಸದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಕಾಗದದ ಮೇಲಿನ ಈ ಅಕ್ಷರಗಳು ತಾವಾಗಿ ಎದ್ದು ಹೊಳೆಯ ದಂಡೆಗೆ ನಡೆದು ಬರುವುದಿಲ್ಲ. ಅವುಗಳನ್ನು ಕೈಹಿಡಿದು ಕರೆತರಬೇಕಾದವರು ನಾವು.

ನಮ್ಮ ಬೇಡಿಕೆಗಳು ನಾಲ್ಕು. ಹೊಳೆಯ ಮೀನಿನ ಮಾಂಸವನ್ನೂ ತಳದ ಕೆಸರನ್ನೂ ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ತಪ್ಪದೆ, ಪರೀಕ್ಷಿಸಬೇಕು. ಪಾದರಸ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಕೀಟನಾಶಕ ಎಲ್ಲಕ್ಕೂ. ಅದರ ಫಲವನ್ನು ಕನ್ನಡದಲ್ಲಿ ಬರೆದು ಮೀನಿನ ಮಾರ್ಕೆಟ್ಟಿನಲ್ಲೂ ಗಿರಣಿಯ ಗೇಟಿನಲ್ಲೂ ಅಂಟಿಸಬೇಕು. ಮೀನು ಹಿಡಿಯುವುದನ್ನು ನಿಲ್ಲಿಸಬೇಕಾಗಿ ಬಂದರೆ ಬೆಸ್ತರ ಮನೆಯ ಒಲೆ ಆರದಂತೆ ಜೀವನಾಂಶ ಕೊಡಬೇಕು. ಕೊಳೆನೀರು ಸರಿಪಡಿಸಲು ಗಿರಣಿಯ ಯಾವ ವಿಭಾಗವಾದರೂ ಕೆಲದಿನ ನಿಂತರೆ ಆ ದಿನಗಳ ಪೂರ್ಣ ಕೂಲಿಯನ್ನು ಮಾಲೀಕನೇ ಕೊಡಬೇಕು. ಒಬ್ಬ ಕೂಲಿಗಾರನನ್ನೂ ತೆಗೆಯಕೂಡದು. ಈ ನಾಲ್ಕನೆಯದನ್ನು ಬಿಟ್ಟು ಮೊದಲ ಮೂರನ್ನು ಕೇಳುವವರು ಕೂಲಿಗಾರನ ಮಿತ್ರರಲ್ಲ. ಮೊದಲ ಮೂರನ್ನು ಬಿಟ್ಟು ನಾಲ್ಕನೆಯದನ್ನಷ್ಟೇ ಕೇಳುವ ಸಂಘ, ಮಿನಮಾಟದ ಸಂಘ ಮಾಡಿದ ತಪ್ಪನ್ನೇ ಮಾಡುತ್ತದೆ.

ಅಲ್ಲಿಯತನಕ ಮನೆಯಲ್ಲಿ ಏನು ಮಾಡಬೇಕು? ಮೀನನ್ನೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಬಡವನಿಗೆ ಅದಕ್ಕಿಂತ ಪುಷ್ಟಿಯ ಆಹಾರ ಅಗ್ಗದಲ್ಲಿ ಸಿಗದು. ಸತ್ತು ತೇಲಿದ ಮೀನನ್ನು ಯಾರೂ ಮಾರಬಾರದು, ಕೊಳ್ಳಬಾರದು. ಕೊಳೆನೀರಿನ ಕಾಲುವೆ ಹೊಳೆಗೆ ಸೇರುವಲ್ಲಿ ಹಿಡಿದ ಮೀನು ಬೇಡ. ಬೇರೆ ಮೀನನ್ನು ತಿಂದು ಬೆಳೆದ ಮುದಿ ದೊಡ್ಡ ಮೀನಿಗಿಂತ ಸಣ್ಣ ಮೀನು ಲೇಸು. ಬಸುರಿಯರ, ಬಾಣಂತಿಯರ, ಚಿಕ್ಕ ಮಕ್ಕಳ ತಟ್ಟೆಗೆ ಬಡಿಸುವಾಗ ಈ ಎಚ್ಚರ ಇನ್ನೂ ಹೆಚ್ಚಿರಲಿ.

ಕಡೆಯದಾಗಿ, ಗೇಟಿನ ಮುಂದೆ ಪ್ರಶ್ನೆ ಕೇಳಿದ ಬಂಧುವಿಗೆ ಒಂದು ಮಾತು. ಗಿರಣಿಯ ಕೊಳವೆಯಿಂದ ಏನು ಹೊರಗೆ ಹೋಗುತ್ತದೆ, ಯಾವ ರಾತ್ರಿ ಹೋಗುತ್ತದೆ ಎಂಬುದನ್ನು ಮಂಡಲಿಯ ಅಧಿಕಾರಿಗಿಂತ, ಪತ್ರಿಕೆಯವನಿಗಿಂತ ಮೊದಲು ಬಲ್ಲವರು ನೀವು. ಆ ವಿಷವನ್ನು ಮೊದಲು ಮುಟ್ಟುವುದೂ ನಿಮ್ಮ ಕೈಯೇ, ಅದರ ಗಾಳಿ ಮೊದಲು ಸೇರುವುದೂ ನಿಮ್ಮ ಎದೆಗೇ. ಆದ್ದರಿಂದ ಮೀನು ಮುಖ್ಯವೋ ಕೂಲಿ ಮುಖ್ಯವೋ ಎಂಬುದು ನಿಮ್ಮ ಪ್ರಶ್ನೆಯಲ್ಲ; ಮಾಲೀಕ ತನ್ನ ಪ್ರಶ್ನೆಯನ್ನು ನಿಮ್ಮ ಬಾಯಲ್ಲಿ ಇಟ್ಟಿದ್ದಾನೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಲಾಭ ಅವನದಾದರೆ ಕೊಳೆನೀರಿನ ಖರ್ಚು ನಮ್ಮ ಮಕ್ಕಳದೇಕೆ?

ಮಿನಮಾಟದ ಕೂಲಿಗಾರರು ಇದನ್ನು ಕೇಳಲು ಹನ್ನೆರಡು ವರ್ಷ ತಡಮಾಡಿದರು. ಮುಂದಿನ ಭಾನುವಾರ ಸಂಜೆ ಬೆಸ್ತರ ಕೇರಿಯ ಕಟ್ಟೆಯ ಬಳಿ ಸಭೆಯಿದೆ. ಗಿರಣಿಯ ಕೂಲಿಗಾರರೂ ಪೇಟೆಯ ವರ್ತಕರೂ ಬರಬೇಕು. ಆ ಬಂಧುವೂ ಬಂದು, ಬೆಸ್ತರ ಪಕ್ಕದಲ್ಲಿ ಕುಳಿತು, ತಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿ.